ವಿಶ್ವಬ್ಯಾಂಕಿನ ಪಿಐಪಿ: ಚೀನಾದ ಹಳ್ಳಿಗಳ ಬಡತನ ಅಳೆಯುವವರಿಗೆ ಎಷ್ಟರ ಮಟ್ಟಿಗೆ ಆಗಿಬರುತ್ತದೆ?

ಚೀನಾದಲ್ಲಿ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು ಎಂಬ ಮಾತನ್ನು ಓದದವರಿಲ್ಲ. ಈ ಸಂಖ್ಯೆಯನ್ನು ಯಾರು ಬೇಕಾದರೂ ತಾವೇ ಲೆಕ್ಕ ಹಾಕಿ ನೋಡಬಹುದಾದ ಜಾಗವೊಂದಿದೆ. ಅದು ವಿಶ್ವಬ್ಯಾಂಕ್ ನಡೆಸುವ ಪಾವರ್ಟಿ ಅಂಡ್ ಇನ್‌ಈಕ್ವಾಲಿಟಿ ಪ್ಲಾಟ್‌ಫಾರ್ಮ್, ಬಳಸುವವರ ಬಾಯಲ್ಲಿ ಪಿಐಪಿ. ಹಣ ಕಟ್ಟಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ದೇಶ, ವರ್ಷ, ಬಡತನ ರೇಖೆ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಉತ್ತರ ಬರುತ್ತದೆ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಚೀನಾದ ಹಳ್ಳಿಯನ್ನೂ ನಗರವನ್ನೂ ಬೇರೆ ಮಾಡಿ, 1990ರಿಂದ 2010ರ ದಶಕದ ನಡುಭಾಗದವರೆಗೆ ಬಡತನ ಇಳಿದ ದಾರಿಯನ್ನು ನೋಡಬೇಕೆನ್ನುವವರಿಗೆ ಇದು ನೆಚ್ಚಿಕೊಳ್ಳಬಹುದಾದ ಸೇವೆ. ಒಂದು ಕೌಂಟಿಯಲ್ಲಿ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಏನಾಯಿತು, ಒಂದು ಯೋಜನೆಯಿಂದ ಯಾರಿಗೆ ಪ್ರಯೋಜನವಾಯಿತು, ಒಂದೇ ಕುಟುಂಬ ಐದು ವರ್ಷದಲ್ಲಿ ಮೇಲೆ ಬಂತೋ ಕೆಳಗೆ ಹೋಯಿತೋ ಎಂದು ಕೇಳುವವರು ಇಲ್ಲಿಗೆ ಬಂದು ಪ್ರಯೋಜನವಿಲ್ಲ. ಎರಡನೇ ಬಗೆಯ ಪ್ರಶ್ನೆಗಳನ್ನೂ ಈ ಸೇವೆಯಿಂದಲೇ ತೀರ್ಮಾನಿಸಲು ಹೊರಟಾಗಲೇ ಹೆಚ್ಚಿನ ತಪ್ಪುಗಳು ಆಗುತ್ತವೆ.

ಈ ಸಾಧನ ಎಲ್ಲಿಂದ ಬಂತು ಎಂದು ತಿಳಿದರೆ ಬಳಕೆ ಸುಲಭವಾಗುತ್ತದೆ. ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞ ಮಾರ್ಟಿನ್ ರಾವಲಿಯನ್ 1988ರಲ್ಲಿ ವಿಶ್ವಬ್ಯಾಂಕ್ ಸೇರಿದರು. 1990ರ ವಿಶ್ವ ಅಭಿವೃದ್ಧಿ ವರದಿಗಾಗಿ ಬಡ ದೇಶಗಳ ರಾಷ್ಟ್ರೀಯ ಬಡತನ ರೇಖೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಹುಟ್ಟಿದ್ದೇ 'ದಿನಕ್ಕೆ ಒಂದು ಡಾಲರ್' ರೇಖೆ. ಆ ಹೊತ್ತಿಗೆ ಚೀನಾದ ಹಳ್ಳಿ ಸಮೀಕ್ಷೆಗಳ ಮನೆಮನೆಯ ದತ್ತಾಂಶ ಹೊರಗಿನವರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಕೋಷ್ಟಕ ಮಾತ್ರ: ಇಷ್ಟು ಯುವಾನ್‌ನಿಂದ ಇಷ್ಟು ಯುವಾನ್‌ವರೆಗೆ ಶೇಕಡಾ ಇಷ್ಟು ಕುಟುಂಬಗಳು, ಅವುಗಳ ಸರಾಸರಿ ಇಷ್ಟು. ಇಂಥ ಗುಂಪು ದತ್ತಾಂಶದಿಂದ ಬಡತನ ಲೆಕ್ಕ ಹಾಕಲೆಂದು ಶಾವೋಹುವಾ ಚೆನ್, ಗೌರವ್ ದತ್ ಮತ್ತು ರಾವಲಿಯನ್ ಪೊವ್‌ಕ್ಯಾಲ್ ಎಂಬ ಪುಟ್ಟ ಪ್ರೋಗ್ರಾಂ ಸಿದ್ಧಪಡಿಸಿದರು. ಅದೇ ಮುಂದೆ ಆನ್‌ಲೈನಿಗೆ ಬಂದು ಪೊವ್‌ಕ್ಯಾಲ್‌ನೆಟ್ ಆಯಿತು. 2022ರ ಮಾರ್ಚ್‌ನಲ್ಲಿ ಅದರ ಜಾಗಕ್ಕೆ ಪಿಐಪಿ ಬಂತು. ರಾವಲಿಯನ್ 2012ರ ಕೊನೆಯವರೆಗೆ ಬ್ಯಾಂಕಿನಲ್ಲಿದ್ದು, ಆಮೇಲೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ, 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ವೃತ್ತಿಬದುಕಿನ ದೊಡ್ಡ ಪಾಲು ಚೀನಾದ ಹಳ್ಳಿಗಳ ಲೆಕ್ಕದಲ್ಲೇ ಕಳೆಯಿತು, ಅದರ ಬಹುಪಾಲು ಶಾವೋಹುವಾ ಚೆನ್ ಜೊತೆಯಲ್ಲಿ. ಪಿಐಪಿಯಲ್ಲಿ ಒಂದು ಗುಂಡಿ ಒತ್ತುವಾಗ ನೀವು ತಿಳಿಯದೆಯೇ ಒಪ್ಪಿಕೊಳ್ಳುವ ಎಷ್ಟೋ ತೀರ್ಮಾನಗಳು ಇವರಿಬ್ಬರ ಲೇಖನಗಳಲ್ಲಿ ವಾದವಾಗಿ ನಿಂತಿವೆ.

ಅವುಗಳಲ್ಲಿ ಮೊದಲನೆಯದು ಅಕ್ಕಿಯ ಬೆಲೆ.

ಚೀನಾದ ರಾಷ್ಟ್ರೀಯ ಅಂಕಿಅಂಶ ಬ್ಯೂರೋದ ಗ್ರಾಮೀಣ ಸಮೀಕ್ಷೆಯಲ್ಲಿ ಆಯ್ದ ಕುಟುಂಬಗಳು ವರ್ಷವಿಡೀ ದಿನಚರಿ ಪುಸ್ತಕ ಬರೆಯುತ್ತವೆ: ಏನು ಮಾರಿದರು, ಏನು ಕೊಂಡರು, ಮನೆಯ ಗದ್ದೆಯದು ಎಷ್ಟು ತಿಂದರು. ಮಾರಿದ್ದಕ್ಕೂ ಕೊಂಡದ್ದಕ್ಕೂ ಬೆಲೆ ಇದೆ. ಮನೆಯಲ್ಲೇ ಬೆಳೆದು ತಿಂದ ಅಕ್ಕಿ, ಜೋಳ, ಗೆಣಸಿಗೆ ಯಾವ ಬೆಲೆ ಹಾಕಬೇಕು? 1990ರವರೆಗೆ ಮಾರುಕಟ್ಟೆಗಿಂತ ಕೆಳಗಿದ್ದ ಸರ್ಕಾರಿ ಯೋಜನಾ ಬೆಲೆ ಹಾಕುತ್ತಿದ್ದರು. ಆಮೇಲೆ ಸ್ಥಳೀಯವಾಗಿ ಮಾರಾಟವಾಗುವ ಬೆಲೆಗೆ ಬದಲಾಯಿಸಿದರು. ಇದರಿಂದ ಎಷ್ಟು ವ್ಯತ್ಯಾಸ ಆದೀತೆಂದು ನೋಡಲು ಒಂದು ಕಲ್ಪಿತ ಲೆಕ್ಕ: ಐದು ಜನರ ಮನೆ ವರ್ಷಕ್ಕೆ ತನ್ನದೇ 1,000 ಕಿಲೋ ಧಾನ್ಯ ತಿನ್ನುತ್ತದೆ ಎನ್ನಿ. ಕಿಲೋಗೆ 40 ಫೆನ್ (ನೂರು ಫೆನ್ ಅಂದರೆ ಒಂದು ಯುವಾನ್) ಹಾಕಿದರೆ ತಲಾ 80 ಯುವಾನ್. 80 ಫೆನ್ ಹಾಕಿದರೆ ತಲಾ 160 ಯುವಾನ್. ಆಗ ಚೀನಾ ಸರ್ಕಾರದ ಗ್ರಾಮೀಣ ಬಡತನ ರೇಖೆ 1985ರ ಬೆಲೆಯಲ್ಲಿ ವರ್ಷಕ್ಕೆ ತಲಾ 206 ಯುವಾನ್ ಇತ್ತು. ತಟ್ಟೆಯಲ್ಲಿರುವ ಅನ್ನ ಅಷ್ಟೇ ಇದ್ದರೂ ಬೆಲೆಯ ಆಯ್ಕೆಯೊಂದೇ ಮನೆಯನ್ನು ರೇಖೆಯ ಆಚೆಗೋ ಈಚೆಗೋ ತಳ್ಳಬಲ್ಲದು. ಬಡ ರೈತನ ಬಳಕೆಯಲ್ಲಿ ಸ್ವಂತ ಬೆಳೆಯ ಪಾಲು ಹೆಚ್ಚಾದ್ದರಿಂದ ಪೆಟ್ಟು ಅವನ ಲೆಕ್ಕಕ್ಕೇ ಹೆಚ್ಚು. ಚೆನ್ ಮತ್ತು ರಾವಲಿಯನ್ ದಕ್ಷಿಣ ಚೀನಾದ ನಾಲ್ಕು ಪ್ರಾಂತ್ಯಗಳ 1985ರಿಂದ 1990ರ ಕುಟುಂಬ ದಾಖಲೆಗಳನ್ನು ಮತ್ತೆ ತೆರೆದು, ಇಂಥ ಬೆಲೆಗಳನ್ನು ಸರಿಪಡಿಸಿ, ಲೆಕ್ಕವನ್ನು ಮೊದಲಿನಿಂದ ಮಾಡಿದರು. ತಿಂಗಳುಗಟ್ಟಲೆ ಹಿಡಿಯುವ, ಹೆಸರು ತಾರದ ಕೆಲಸ ಇದು. ಚೀನಾದ ಬಡತನದ ಬಗ್ಗೆ ಇಂದು ನೆಚ್ಚಿಕೊಂಡು ಮಾತಾಡಲು ಆಗುತ್ತಿರುವುದು ಇಂಥ ಕೆಲಸದಿಂದಲೇ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಆದ್ದರಿಂದ ಬಳಕೆದಾರರಿಗೆ ಮೊದಲ ಎಚ್ಚರಿಕೆ: ಅಂಕಿಅಂಶ ವಾರ್ಷಿಕ ಪುಸ್ತಕಗಳಲ್ಲಿರುವ 1980ರ ದಶಕದ ತಲಾ ಆದಾಯವನ್ನು ತಂದು ಪಿಐಪಿಯ 1990ರ ನಂತರದ ಸಂಖ್ಯೆಯ ಪಕ್ಕಕ್ಕೆ ಅಂಟಿಸಬೇಡಿ. ಪಿಐಪಿಯ ಒಳಗೇ ಇದ್ದರೂ ಎರಡು ಕಾಲಂ ನೋಡದೆ ಮುಂದೆ ಹೋಗಬೇಡಿ. ಒಂದು, ಅಳತೆ ಆದಾಯದ್ದೋ ಬಳಕೆಯದ್ದೋ ಎಂದು ಹೇಳುವ ಕಾಲಂ. ಇನ್ನೊಂದು, ಯಾವ ವರ್ಷದಿಂದ ಯಾವ ವರ್ಷದವರೆಗೆ ಹೋಲಿಸಬಹುದು ಎಂದು ಹೇಳುವ ಕಾಲಂ. ಚೀನಾದ ವಿಷಯದಲ್ಲಿ 2013 ಕೂಡ ಒಂದು ಒಡಕು. ಅಲ್ಲಿಯವರೆಗೆ ಹಳ್ಳಿಗೊಂದು, ನಗರಕ್ಕೊಂದು ಪ್ರತ್ಯೇಕ ಸಮೀಕ್ಷೆ ಇತ್ತು. ಆ ವರ್ಷದಿಂದ ಎರಡನ್ನೂ ಸೇರಿಸಿ ಸುಮಾರು 1,60,000 ಕುಟುಂಬಗಳ ಒಂದೇ ಸಮೀಕ್ಷೆ ಮಾಡಿದರು. ಈ ಒಡಕಿನ ಮೇಲೆ ಗೆರೆ ಎಳೆದು 'ಬಡತನ ಇಷ್ಟು ವೇಗವಾಗಿ ಇಳಿಯಿತು' ಎಂದರೆ, ಇಳಿತದಲ್ಲಿ ಸ್ವಲ್ಪ ಭಾಗ ಪ್ರಶ್ನಾವಳಿ ಬದಲಾದದ್ದೂ ಆಗಿರಬಹುದು.

ಈಗ ಬಳಸುವ ಕ್ರಮ. 'ಪಾವರ್ಟಿ ಕ್ಯಾಲ್ಕ್ಯುಲೇಟರ್' ಪುಟ ತೆರೆದು ಮೊದಲು ಪಿಪಿಪಿ ವರ್ಷ ಆರಿಸಿ. ಪಿಪಿಪಿ ಅಂದರೆ ಒಂದು ಡಾಲರ್ ಅಮೆರಿಕದಲ್ಲಿ ಕೊಳ್ಳುವಷ್ಟನ್ನೇ ಚೀನಾದಲ್ಲಿ ಕೊಳ್ಳಲು ಎಷ್ಟು ಯುವಾನ್ ಬೇಕು ಎಂಬ ದರ. ರೇಖೆ ಈ ದರಕ್ಕೆ ಅಂಟಿಕೊಂಡೇ ಬರುತ್ತದೆ: 2005ರ ಪಿಪಿಪಿಗೆ 1.25 ಡಾಲರ್, 2011ರದ್ದಕ್ಕೆ 1.90, 2017ರದ್ದಕ್ಕೆ 2.15, 2021ರದ್ದಕ್ಕೆ 3.00. 2025ರ ಜೂನ್‌ನಿಂದ ಕೊನೆಯದು ಜಾರಿಯಲ್ಲಿದೆ. 1.90ನ್ನು 2017ರ ಪಿಪಿಪಿ ಜೊತೆ, 2.15ನ್ನು 2021ರ ಜೊತೆ ಹಾಕುವುದು ಅತಿ ಸಾಮಾನ್ಯವಾದ ತಪ್ಪು. ಸೇವೆ ಎಚ್ಚರಿಸುವುದಿಲ್ಲ. ಯಾವ ರೇಖೆ ಕೊಟ್ಟರೂ ಲೆಕ್ಕ ಮಾಡಿಕೊಡುತ್ತದೆ, ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ.

ಎರಡನೆಯದಾಗಿ ದೇಶ ಚೀನಾ ಎಂದು ಹಾಕಿ, 'ರಾಷ್ಟ್ರೀಯ' ಎಂದಷ್ಟೇ ಬಿಡದೆ 'ಗ್ರಾಮೀಣ' ಮತ್ತು 'ನಗರ' ಮೂರನ್ನೂ ತೆಗೆಯಿರಿ. ಇದನ್ನು ಮಾಡದವರಿಗೆ ಚೀನಾದ ಕತೆಯ ಅರ್ಧ ಭಾಗ ಕಾಣುವುದೇ ಇಲ್ಲ. ರಾಷ್ಟ್ರೀಯ ದರ ಎರಡು ಕಾರಣಕ್ಕೆ ಇಳಿಯುತ್ತದೆ: ಹಳ್ಳಿಯೊಳಗೇ ಬಡವರು ಕಡಿಮೆಯಾದದ್ದು, ಜನ ಹಳ್ಳಿ ಬಿಟ್ಟು ನಗರದ ಲೆಕ್ಕಕ್ಕೆ ಸೇರಿದ್ದು. ಮೂರೂ ಸಾಲುಗಳ ಜೊತೆ ಗ್ರಾಮೀಣ ಜನಸಂಖ್ಯೆಯ ಪಾಲು ಇಟ್ಟುಕೊಂಡರೆ ಎಕ್ಸೆಲ್‌ನಲ್ಲಿ ಹತ್ತು ನಿಮಿಷದಲ್ಲಿ ಇವೆರಡನ್ನೂ ಬೇರ್ಪಡಿಸಬಹುದು. ರಾವಲಿಯನ್ ಮತ್ತು ಚೆನ್ 2007ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಹಿಂದಿರುವುದೂ ಇಂಥದೇ ವಿಂಗಡಣೆ. 1981ರಲ್ಲಿ ಶೇ 53 ಇದ್ದ ಬಡತನ 2001ಕ್ಕೆ ಶೇ 8ಕ್ಕೆ ಬಂತು, ಇಳಿತದ ಅರ್ಧದಷ್ಟು 1980ರ ದಶಕದ ಮೊದಲ ಅರ್ಧದಲ್ಲೇ ಆಗಿಹೋಯಿತು, ಅದಕ್ಕೆ ಮುಖ್ಯ ಕಾರಣ ಹಳ್ಳಿಯ ಬೆಳವಣಿಗೆ ಎಂದು ಅವರು ತೋರಿಸಿದರು. ಸಾಮೂಹಿಕ ಬೇಸಾಯ ಕೈಬಿಟ್ಟು ಜಮೀನಿನ ಹೊಣೆಯನ್ನು ಕುಟುಂಬಗಳಿಗೆ ವಹಿಸಿದ ವರ್ಷಗಳು ಅವು. ಸರ್ಕಾರ ಧಾನ್ಯ ಖರೀದಿ ಬೆಲೆ ಏರಿಸಿದ್ದೂ ಆಗಲೇ. ಬಡತನ ಇಳಿಸುವುದರಲ್ಲಿ ಕೃಷಿಯ ಬೆಳವಣಿಗೆಗೆ ಕೈಗಾರಿಕೆ ಅಥವಾ ಸೇವಾ ವಲಯದ ಬೆಳವಣಿಗೆಗಿಂತ ಸುಮಾರು ನಾಲ್ಕು ಪಟ್ಟು ಬಲವಿತ್ತು ಎಂಬುದು ಅವರ ಅಂದಾಜು. ಚೀನಾ ಎಂದರೆ ಬರೀ ಕಾರ್ಖಾನೆ ಎಂದುಕೊಂಡಿರುವವರು ಗ್ರಾಮೀಣ ಸಾಲಿನಲ್ಲಿ 1981 ಮತ್ತು 1984ರ ಎರಡು ಬಿಂದುಗಳನ್ನು ಒಮ್ಮೆ ನೋಡಲೇಬೇಕು.

ಇಲ್ಲಿ ಒಂದು ಗೊಂದಲ ಬರುತ್ತದೆ. 1981ಕ್ಕೆ ಅವರು ಶೇ 53 ಅಂದರೆ, ದಿನಕ್ಕೆ 1.90 ಡಾಲರ್ ರೇಖೆಯ ಪ್ರಕಾರ ವಿಶ್ವಬ್ಯಾಂಕ್ ಅದೇ ವರ್ಷಕ್ಕೆ ಶೇ 88 ಅನ್ನುತ್ತದೆ. ಎರಡೂ ಸರಿ. ಶೇ 53 ಬಂದದ್ದು ಚೀನಾಗೆಂದೇ ಕಟ್ಟಿದ ರೇಖೆಯಿಂದ: 2002ರ ಬೆಲೆಯಲ್ಲಿ ಹಳ್ಳಿಗೆ ವರ್ಷಕ್ಕೆ ತಲಾ 850 ಯುವಾನ್, ನಗರಕ್ಕೆ 1,200. ಶೇ 88 ಬಂದದ್ದು ಅದಕ್ಕಿಂತ ಎತ್ತರದ ಅಂತಾರಾಷ್ಟ್ರೀಯ ರೇಖೆಯಿಂದ. ರೇಖೆಯ ಹೆಸರನ್ನೂ ಪಿಪಿಪಿ ವರ್ಷವನ್ನೂ ಬರೆಯದೆ ಚೀನಾದ ಬಡತನದ ಶೇಕಡಾವಾರು ಬರೆದ ಲೇಖನವನ್ನು ಉಲ್ಲೇಖಿಸದಿರುವುದೇ ಒಳ್ಳೆಯದು.

ಪಿಪಿಪಿ ಬದಲಾದರೆ ಏನೆಲ್ಲ ಅಲ್ಲಾಡುತ್ತದೆ ಎಂಬುದಕ್ಕೆ 2005ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಂತಾರಾಷ್ಟ್ರೀಯ ಬೆಲೆ ಹೋಲಿಕೆ ಕಾರ್ಯಕ್ರಮದಲ್ಲಿ ಚೀನಾ ಮೊದಲ ಬಾರಿಗೆ ಭಾಗವಹಿಸಿದ್ದು ಆ ವರ್ಷ. ಬೆಲೆ ಸಂಗ್ರಹಿಸಿದ್ದು 11 ನಗರಗಳಲ್ಲಿ. ಹೊಸ ದರ ಬಂದಾಗ ಚೀನಾದಲ್ಲಿ ಸಾಮಾನು ಹಿಂದೆ ಅಂದುಕೊಂಡದ್ದಕ್ಕಿಂತ ತುಟ್ಟಿ ಎಂದು ಗೊತ್ತಾಯಿತು. ಅಂದರೆ ಜನ ಅಂದುಕೊಂಡದ್ದಕ್ಕಿಂತ ಬಡವರು. ಚೆನ್ ಮತ್ತು ರಾವಲಿಯನ್ ನಗರದ ಬೆಲೆಯನ್ನು ಹಳ್ಳಿಯ ಮೇಲೆ ನೇರವಾಗಿ ಹೇರದೆ ತಿದ್ದುಪಡಿ ಮಾಡಿ ಲೆಕ್ಕ ಹಾಕಿದರು. ಹಾಗೆ ಮಾಡಿದರೂ 1.25 ಡಾಲರ್ ರೇಖೆಯಲ್ಲಿ 2005ರ ಬಳಕೆ ಆಧಾರಿತ ಬಡತನ ಸುಮಾರು ಶೇ 15ಕ್ಕೆ ನಿಂತಿತು, ಹಳೆಯ ಅಂದಾಜಿಗಿಂತ ಸುಮಾರು 13 ಕೋಟಿ ಜನ ಹೆಚ್ಚು. ಅದೇ ವರ್ಷ, ಅದೇ ರೇಖೆ, ಆದರೆ ಆದಾಯವನ್ನು ಆಧಾರವಾಗಿ ಹಿಡಿದರೆ ಶೇ 10. ಚೀನಾದಲ್ಲಿ ಬಡ ಕುಟುಂಬಗಳೂ ಉಳಿತಾಯ ಮಾಡುವುದರಿಂದ ಆದಾಯಕ್ಕಿಂತ ಬಳಕೆ ಕಡಿಮೆ, ಹಾಗಾಗಿ ಬಳಕೆಯಲ್ಲಿ ಅಳೆದರೆ ಬಡವರು ಹೆಚ್ಚು. ಮೇಲೆ ಹೇಳಿದ ಆದಾಯ–ಬಳಕೆ ಕಾಲಂ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಈ ಐದು ಶೇಕಡಾ ಅಂಶವೇ ಸಾಕು. ಇಷ್ಟಾದರೂ 1981ರಿಂದ ಆದ ಇಳಿತ ಹೊಸ ಲೆಕ್ಕದಲ್ಲಿ ಮೊದಲಿಗಿಂತ ದೊಡ್ಡದಾಗಿಯೇ ಕಂಡಿತು, ಏಕೆಂದರೆ ಶುರುವಿನ ಬಡತನವೂ ಅಂದುಕೊಂಡದ್ದಕ್ಕಿಂತ ಆಳವಾಗಿತ್ತು.

ಚೀನಾ ಸರ್ಕಾರದ ಸ್ವಂತ ರೇಖೆಯನ್ನು ಪಿಐಪಿಯಲ್ಲಿ ಹಾಕಿ ನೋಡಬೇಕೆನ್ನುವವರೂ ಬಹಳ. 2010ರ ಬೆಲೆಯಲ್ಲಿ ವರ್ಷಕ್ಕೆ 2,300 ಯುವಾನ್, ಅಂದರೆ ದಿನಕ್ಕೆ 6.30. ಇದನ್ನು ಆಗಿನ ವಿನಿಮಯ ದರದಿಂದ ಭಾಗಿಸಿ 'ಒಂದು ಡಾಲರ್‌ಗೂ ಕಡಿಮೆ' ಎಂದು ಬರೆಯುವುದು ತಪ್ಪು. ಹಳ್ಳಿಯ ಬೆಲೆಗೆ ಹೊಂದಿಸಿದ ಪಿಪಿಪಿಯಲ್ಲಿ ಅದು 2011ರ ಸುಮಾರು 2.30 ಡಾಲರ್. ಪಟ್ಟಿಯಲ್ಲಿ 2011ರ ಪಿಪಿಪಿ ಇಲ್ಲದಿದ್ದರೆ 2.30ನ್ನು ಹಾಗೇ 2017 ಅಥವಾ 2021ರ ಜೊತೆ ಹಾಕಬೇಡಿ, ಹೊಸ ದರಕ್ಕೆ ಮತ್ತೆ ಪರಿವರ್ತಿಸಬೇಕು. ಈ ರೇಖೆಯ ಪ್ರಕಾರ 2012ರ ಕೊನೆಗೆ ಹಳ್ಳಿಗಳಲ್ಲಿ 9.899 ಕೋಟಿ ಬಡವರಿದ್ದರು, 2020ರ ಕೊನೆಗೆ ಯಾರೂ ಉಳಿದಿಲ್ಲ ಎಂಬುದು ಸರ್ಕಾರದ ಘೋಷಣೆ. ಆ ಎಣಿಕೆ ಕೊನೆಯ ವರ್ಷಗಳಲ್ಲಿ ಮನೆಮನೆಯ ನೋಂದಣಿಯ ಮೇಲೂ ನಿಂತಿತ್ತು. ಪಿಐಪಿ ನಿಂತಿರುವುದು ಮಾದರಿ ಸಮೀಕ್ಷೆಯ ಮೇಲೆ. ಎರಡೂ ತಾಳೆಯಾಗಬೇಕೆಂದು ನಿರೀಕ್ಷಿಸುವುದು ಬೇಡ.

ಸೇವೆಯ ದೊಡ್ಡ ದೌರ್ಬಲ್ಯ ಈಚಿನ ವರ್ಷಗಳ ಕಡಿಮೆ ದರಗಳಲ್ಲಿದೆ. ಚೀನಾಗೆ ಈಗಲೂ ಗುಂಪು ದತ್ತಾಂಶವೇ ಆಧಾರ. ಕೆಳಗಿನ ಹತ್ತನೇ ಒಂದು ಭಾಗದ ಜನರ ಪಾಲು ಇಷ್ಟು, ಅದರ ಮೇಲಿನವರದು ಇಷ್ಟು ಎಂಬ ಕೆಲವು ಬಿಂದುಗಳ ಮೂಲಕ ಆದಾಯ ಜನರ ನಡುವೆ ಹೇಗೆ ಹಂಚಿಹೋಗಿದೆ ಎಂದು ತೋರಿಸುವ ಲೊರೆನ್ಜ್ ವಕ್ರರೇಖೆ ಹೊಂದಿಸುತ್ತಾರೆ. ಅದಕ್ಕೆ ಎರಡು ಸೂತ್ರಗಳಿವೆ, ಒಂದು ಸಾಮಾನ್ಯ ವರ್ಗ ಸಮೀಕರಣದ್ದು, ಇನ್ನೊಂದು ಬೀಟಾ. ಚೆನ್ನಾಗಿ ಕೂರುವುದನ್ನು ಆರಿಸುತ್ತಾರೆ. ಬಡತನ ಶೇ 30 ಇರುವಾಗ ರೇಖೆ ಬಿಂದುಗಳ ನಡುವೆ ಬೀಳುತ್ತದೆ, ಲೆಕ್ಕ ಗಟ್ಟಿ. ಶೇ 1ಕ್ಕೂ ಕೆಳಗೆ ಬಂದಾಗ ರೇಖೆ ಮೊದಲ ಬಿಂದುವಿಗಿಂತಲೂ ಕೆಳಗಿನ ಖಾಲಿ ಜಾಗಕ್ಕೆ ಬೀಳುತ್ತದೆ, ಅಲ್ಲಿ ಇರುವುದು ಸೂತ್ರದ ಆಕಾರ ಮಾತ್ರ. ಅಂಥ ಕಡೆ ಶೇ 0.3ಕ್ಕೂ 0.6ಕ್ಕೂ ವ್ಯತ್ಯಾಸ ಹುಡುಕಬೇಡಿ. ಈಚಿನ ಚೀನಾಗೆ ಎತ್ತರದ ರೇಖೆ ಬಳಸಿ: 2021ರ ಪಿಪಿಪಿಯಲ್ಲಿ 4.20 ಅಥವಾ 8.30 ಡಾಲರ್. ಹಳ್ಳಿ–ನಗರ ಅಂತರ ಅಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಲೆಕ್ಕವೂ ನಂಬಿಕೆಗೆ ಯೋಗ್ಯ.

ಖಾಲಿ ವರ್ಷ ತುಂಬುವ ಆಯ್ಕೆಯನ್ನು ಹಳ್ಳಿಯ ಕೆಲಸಕ್ಕೆ ಆದಷ್ಟು ಬಳಸದಿರಿ. ಸಮೀಕ್ಷೆ ಇಲ್ಲದ ವರ್ಷಗಳನ್ನು ಅದು ರಾಷ್ಟ್ರೀಯ ಲೆಕ್ಕಪತ್ರದ ಬೆಳವಣಿಗೆ ದರದಿಂದ ಅಂದಾಜಿಸುತ್ತದೆ. ದೇಶದ ಬೆಳವಣಿಗೆ ಹಳ್ಳಿಗೂ ಅಷ್ಟೇ ತಲುಪಿತು ಎಂಬ ಊಹೆ ಚೀನಾದ ಇತಿಹಾಸದಲ್ಲಿ ಹಲವು ಬಾರಿ ಸುಳ್ಳಾಗಿದೆ. 1980ರ ದಶಕದ ಕೊನೆಯಲ್ಲಿ ದೇಶ ಬೆಳೆಯುತ್ತಿದ್ದಾಗಲೂ ಹಳ್ಳಿಯ ಬಡತನ ನಿಂತಲ್ಲೇ ನಿಂತಿತ್ತು.

ಇನ್ನು ಈ ಸೇವೆಯಿಂದ ಆಗದ ಕೆಲಸ. ಪಿಐಪಿ ಪ್ರತಿ ಬಾರಿ ಕೊಡುವುದು ಒಂದು ಕ್ಷಣದ ಚಿತ್ರ. ಈ ವರ್ಷದ ಶೇ 20 ಮತ್ತು ಮುಂದಿನ ವರ್ಷದ ಶೇ 20 ಒಂದೇ ಮನೆಗಳೋ ಬೇರೆಯೋ ಅದಕ್ಕೆ ಗೊತ್ತಿಲ್ಲ. ರಾವಲಿಯನ್ ಇದನ್ನು ಬಲ್ಲವರಾಗಿದ್ದರಿಂದಲೇ ಜ್ಯೋತ್ಸ್ನಾ ಜಲಾನ್ ಜೊತೆ ಗುವಾಂಗ್‌ಡಾಂಗ್, ಗುವಾಂಗ್‌ಶಿ, ಗುಯ್‌ಝೌ, ಯುನ್ನಾನ್ ಪ್ರಾಂತ್ಯಗಳ ಅವೇ ಕುಟುಂಬಗಳನ್ನು ಆರು ವರ್ಷ ಹಿಂಬಾಲಿಸಿದ ದತ್ತಾಂಶ ಬಳಸಿದರು. ಎಲ್ಲ ರೀತಿಯಲ್ಲೂ ಒಂದೇ ಥರದ ಎರಡು ಮನೆಗಳಲ್ಲಿ ರಸ್ತೆ, ಶಾಲೆ, ಒಳ್ಳೆಯ ಜಮೀನು ಇರುವ ಕೌಂಟಿಯ ಮನೆ ಮುಂದೆ ಹೋದರೆ, ಇಲ್ಲದ ಕೌಂಟಿಯ ಮನೆ ಅಲ್ಲೇ ಉಳಿಯಬಹುದು ಅಥವಾ ಹಿಂದೆ ಸರಿಯಬಹುದು ಎಂದು ಅದರಲ್ಲಿ ಕಂಡಿತು. ಪಿಐಪಿಯ ಗ್ರಾಮೀಣ ಚೀನಾ ಎಂಬ ಒಂದೇ ಸಾಲಿನಲ್ಲಿ ಗುಯ್‌ಝೌ ಬೆಟ್ಟದ ಹಳ್ಳಿಯೂ ಗುವಾಂಗ್‌ಡಾಂಗ್ ಕರಾವಳಿಯ ಹಳ್ಳಿಯೂ ಬೆರೆತುಹೋಗಿವೆ.

ಯೋಜನೆಯ ಪರಿಣಾಮ ಅಳೆಯುವುದಂತೂ ಬೇರೆಯೇ ಕೆಲಸ. 1995ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಶುರುವಾದ ನೈಋತ್ಯ ಚೀನಾ ಬಡತನ ನಿವಾರಣಾ ಯೋಜನೆ ಗುವಾಂಗ್‌ಶಿ, ಗುಯ್‌ಝೌ, ಯುನ್ನಾನ್‌ಗಳ 35 ಕೌಂಟಿಗಳಲ್ಲಿ ನಡೆಯಿತು. ಚೆನ್, ರೆನ್ ಮು ಮತ್ತು ರಾವಲಿಯನ್ ಸುಮಾರು 200 ಹಳ್ಳಿಗಳ 2,000 ಕುಟುಂಬಗಳನ್ನು ಹತ್ತು ವರ್ಷ ನೋಡಿದರು. ಯೋಜನೆ ನಡೆಯುವಾಗ ಆದಾಯ ಏರಿತು, ಏರಿದ್ದರಲ್ಲಿ ಹೆಚ್ಚಿನದನ್ನು ಜನ ಉಳಿಸಿಟ್ಟರು. ಹಣ ನಿಂತು ನಾಲ್ಕು ವರ್ಷದ ಮೇಲೆ ನೋಡಿದರೆ ಸರಾಸರಿಯಲ್ಲಿ ಉಳಿದ ಲಾಭ ಅಲ್ಪ. ಬಡವರಾಗಿದ್ದೂ ಸ್ವಲ್ಪ ಓದಿದ್ದ ಕುಟುಂಬಗಳಿಗೆ ಲಾಭ ಉಳಿಯಿತು, ಆದರೆ ಫಲಾನುಭವಿಗಳ ಆಯ್ಕೆಯಲ್ಲಿ ಅವರಲ್ಲೇ ಅನೇಕರು ಬಿಟ್ಟುಹೋಗಿದ್ದರು. ಇನ್ನೊಂದು ತೊಡಕನ್ನೂ ಅವರು ಪತ್ತೆಹಚ್ಚಿದರು: ಯೋಜನೆ ಬಂದ ಹಳ್ಳಿಗೆ ಹಣ ಬರುತ್ತಿದೆಯೆಂದು ಸ್ಥಳೀಯ ಸರ್ಕಾರಗಳು ತಮ್ಮ ಖರ್ಚನ್ನು ಪಕ್ಕದ ಹಳ್ಳಿಗಳಿಗೆ ತಿರುಗಿಸಿದ್ದವು. ಹೋಲಿಕೆಗೆಂದು ಇಟ್ಟುಕೊಂಡ ಹಳ್ಳಿಗಳಿಗೂ ಹೀಗೆ ಲಾಭವಾದರೆ ಯೋಜನೆಯ ಪರಿಣಾಮ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ತಾವೇ ಕೆಲಸ ಮಾಡುವ ಬ್ಯಾಂಕಿನ ಯೋಜನೆಯ ಬಗ್ಗೆ ಇಷ್ಟು ನೇರವಾಗಿ ಬರೆದದ್ದಕ್ಕಾಗಿ ಈ ತಂಡವನ್ನು ನಾವು ಗೌರವಿಸುತ್ತೇವೆ. ಇದರಲ್ಲಿ ಒಂದು ಅಂಶವೂ ಪಿಐಪಿಯ ಪರದೆಯ ಮೇಲೆ ಬರುವುದಿಲ್ಲ.

ಉಳಿದಂತೆ ಸಣ್ಣ ವಿಷಯಗಳು. ಪರದೆಯ ಚಿತ್ರಗಳು ಚೆನ್ನಾಗಿವೆ, ಆದರೆ ಕೆಲಸಕ್ಕೆ ಸಿಎಸ್‌ವಿ ಇಳಿಸಿಕೊಳ್ಳುವುದೇ ಸರಿ. ಅದರಲ್ಲಿ ಬಡವರ ಪ್ರಮಾಣದ ಜೊತೆ ಬಡತನದ ಆಳ, ತೀವ್ರತೆ, ಬಡತನದ ಇನ್ನೊಂದು ಅಳತೆಯಾದ ವಾಟ್ಸ್ ಸೂಚ್ಯಂಕ, ಅಸಮಾನತೆ ಅಳೆಯುವ ಗಿನಿ, ಜನರನ್ನು ಹತ್ತು ಸಮ ಗುಂಪು ಮಾಡಿದಾಗ ಒಂದೊಂದರ ಪಾಲು ಎಲ್ಲ ಇರುತ್ತದೆ. ಅಂಕಿಅಂಶ ತಂತ್ರಾಂಶಗಳಾದ ಸ್ಟಾಟಾಗೂ ಆರ್‌ಗೂ ಸಿದ್ಧ ಪ್ಯಾಕೇಜ್‌ಗಳಿವೆ, ನೂರು ರೇಖೆಗಳನ್ನು ಒಟ್ಟಿಗೆ ಕೇಳಬೇಕಾದರೆ ಅವೇ ವಾಸಿ. ಪುಟವೆಲ್ಲ ಇಂಗ್ಲಿಷಿನಲ್ಲಿದೆ. ಭಾರತಕ್ಕೂ ಗ್ರಾಮೀಣ–ನಗರ ಬೇರೆಬೇರೆಯಾಗಿ ಸಿಗುವುದರಿಂದ ಚೀನಾ–ಭಾರತ ಹೋಲಿಸುವ ಪ್ರಬಂಧ ಬರೆಯುವ ನಮ್ಮ ವಿದ್ಯಾರ್ಥಿಗಳು ಇಲ್ಲಿ ಹೇಳಿದ ಕ್ರಮವನ್ನೇ ಎರಡೂ ದೇಶಕ್ಕೆ ಅನುಸರಿಸಬಹುದು. ಭಾರತದ 2011–12 ಮತ್ತು 2022–23ರ ಸಮೀಕ್ಷೆಗಳ ವಿಧಾನವೂ ಬದಲಾಗಿದೆ ಎಂಬುದನ್ನು ಮಾತ್ರ ಅಲ್ಲಿಯೂ ಗಮನಿಸಬೇಕು.

ಸಂಖ್ಯೆಗಳು ವರ್ಷದಲ್ಲಿ ಒಂದೆರಡು ಬಾರಿ ಪರಿಷ್ಕಾರವಾಗುತ್ತವೆ, ಹಿಂದಿನ ವರ್ಷಗಳದ್ದೂ ಸೇರಿ. ಆದ್ದರಿಂದ ಇಳಿಸಿಕೊಂಡ ಕೂಡಲೇ ಆವೃತ್ತಿ ಸಂಖ್ಯೆಯನ್ನು ಫೈಲಿನ ಹೆಸರಿಗೇ ಸೇರಿಸಿಬಿಡಿ. ಬಿಡುಗಡೆಯ ದಿನಾಂಕ, ಪಿಪಿಪಿ ವರ್ಷ ಎರಡೂ ಅದರಲ್ಲೇ ಇರುತ್ತವೆ. ಎರಡು ವರ್ಷ ಬಿಟ್ಟು ಯಾರಾದರೂ ನಿಮ್ಮ ಕೋಷ್ಟಕ ತಾಳೆಯಾಗುತ್ತಿಲ್ಲ ಎಂದು ಕೇಳಿದರೆ, ಆ ಸಂಖ್ಯೆ ಕೊಟ್ಟು ಅಂದಿನ ಲೆಕ್ಕವನ್ನು ಎಪಿಐ (ಪ್ರೋಗ್ರಾಂನಿಂದಲೇ ದತ್ತಾಂಶ ತರಿಸುವ ದಾರಿ) ಮೂಲಕ ಮತ್ತೆ ತೆಗೆದು ತೋರಿಸಬಹುದು.